ಇಪ್ಪತ್ತೇಳನೇ ಪ್ರಶ್ನೆ

ನನಗೆ ಸುಳ್ಳು ಬರೆಯುವುದನ್ನು ಕಲಿಸಿದ್ದು ಕೆಟ್ಟ ಸಹವಾಸವಲ್ಲ, ಹೊಟ್ಟೆಪಾಡೂ ಅಲ್ಲ, ಸಮೀಕ್ಷೆಯ ಇಪ್ಪತ್ತೇಳನೇ ಪ್ರಶ್ನೆ. ನಗಬೇಡಿ. ಹನ್ನೊಂದು ವರ್ಷ ಮನೆಮನೆ ತಿರುಗಿ ಚಪ್ಪಲಿ ಸವೆಸಿದವಳ ಮಾತು ಇದು, ಸ್ವಲ್ಪ ಸಾವಧಾನವಾಗಿ ಕೇಳಿ.

"ಕಳೆದ ಹದಿನೈದು ದಿನಗಳಲ್ಲಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಹಗಲು ಹೊತ್ತಿನಲ್ಲಿ ಆರೈಕೆಯ ಅಗತ್ಯವಿತ್ತೇ?" ಇದೇ ಆ ಪ್ರಶ್ನೆ. ನೋಡಲು ಪಾಪದ್ದು. ಆದರೆ ಉತ್ತರ 'ಹೌದು' ಎಂದಾದರೆ ಅದರ ಹಿಂದೆ ಹದಿನಾಲ್ಕು ಮರಿಪ್ರಶ್ನೆಗಳು ಸಾಲು ಹಿಡಿದು ಬರುತ್ತವೆ. ಯಾರಿಗೆ, ಏನು ಕಾಯಿಲೆ, ನೋಡಿಕೊಳ್ಳುವವರು ಯಾರು, ಕರೆಂಟಿನ ಮೇಲೆ ನಡೆಯುವ ಉಪಕರಣ ಇದೆಯೇ, ಹೀಗೆ ಇಪ್ಪತ್ತೆಂಟರಿಂದ ನಲವತ್ತೊಂದರವರೆಗೆ. ಉತ್ತರ 'ಇಲ್ಲ' ಎಂದಾದರೆ ಒಂದೇ ಏಟಿಗೆ ನಲವತ್ತೆರಡಕ್ಕೆ ಹಾರಬಹುದು. ದಿನಕ್ಕೆ ಎಂಟು ಮನೆ ಮುಗಿಸಲೇಬೇಕು ಎಂದು ಮೇಲಿನವರ ಕಟ್ಟಪ್ಪಣೆ. 'ಹೌದು' ಮನೆಗೆ ಒಂದೂಕಾಲು ತಾಸು, 'ಇಲ್ಲ' ಮನೆಗೆ ಅರ್ಧ ತಾಸು. ಒಲೆಯ ಮೇಲೆ ಸಾರು ಉಕ್ಕುತ್ತಿರುವ ಹೆಂಗಸಿನ ಮುಂದೆ ಕೂತು ಹದಿನಾಲ್ಕು ಪ್ರಶ್ನೆ ಕೇಳಿ ನೋಡಿ, ಆಮೇಲೆ ನನ್ನನ್ನು ಬಯ್ಯಿರಿ.

ಎರಡನೇ ವರ್ಷದಲ್ಲೇ ನಾನು ಬಾಗಿಲಲ್ಲಿ ನಿಂತು ಪಿಸುಗುಟ್ಟತೊಡಗಿದ್ದೆ: "ಇದಕ್ಕ ಇಲ್ಲ ಅನ್ರಿ ಯವ್ವಾ, ಲಗೂನ ಮುಗೀತೈತಿ." ಅವರಿಗೂ ಹಾಯೆನಿಸಿತು, ನನಗೂ ಹಾಯೆನಿಸಿತು. ನಾನೊಬ್ಬಳೇ ಅಲ್ಲ, ಎಲ್ಲ ಸಮೀಕ್ಷಕರೂ ಮಾಡಿದ್ದೇ. ಅದೇನು ನೆಪವಲ್ಲ ಬಿಡಿ.

ನಾನು ದಾಕ್ಷಾಯಣಿ ಮೇಟಿ. ಹತ್ತಿಕೇರಿ ಊರಿನ ಹದಿನೇಳನೇ ವಾರ್ಡು ನನ್ನ ಪಾಲಿನದು. ಮಗ್ಗದ ಓಣಿ ಎಂದರೆ ಎಲ್ಲರಿಗೂ ಗೊತ್ತು. ನನ್ನ ಮನೆಯೂ ಅಲ್ಲೇ. ಜನ 'ಸರ್ವೆ ಅಕ್ಕಾರು' ಎನ್ನುತ್ತಾರೆ.

ಹೊರಗಿನವರಿಗೆ ಪಡಿನಗರದ ವಿಷಯ ಬಿಡಿಸಿ ಹೇಳಬೇಕು. ಊರಿನ ಎಲ್ಲರನ್ನೂ ಕೇಳುವುದು ಆಗದ ಮಾತು. ಹಾಗಾಗಿ ಚೀಟಿ ಎತ್ತಿದ ಹಾಗೆ ಕೆಲವು ಮನೆಗಳನ್ನು ಆರಿಸಿ, ವರ್ಷವರ್ಷವೂ ಅವೇ ಮನೆಗಳನ್ನು ಕೇಳುತ್ತಾರೆ. ನಮ್ಮ ವಾರ್ಡಿನಲ್ಲಿ ಅಂಥವು ಇಪ್ಪತ್ತೆರಡು. ಒಂದೊಂದು ಮನೆ ಮುನ್ನೂರ ಹತ್ತು ಮನೆಗಳ ಪರವಾಗಿ ಮಾತಾಡುತ್ತದೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕಲ್ಲ, ಅದೇ ಲೆಕ್ಕ. ಆ ಉತ್ತರಗಳಿಂದ ಗಣಕಯಂತ್ರ ತನ್ನೊಳಗೆ ಒಂದು ಊರನ್ನೇ ಕಟ್ಟುತ್ತದೆ. ಅದರಲ್ಲಿ ನಮ್ಮಷ್ಟೇ ಜನ, ನಮ್ಮಂಥವೇ ವಯಸ್ಸು, ಕೆಲಸ, ಜ್ವರ, ಏಳುವ ಹೊತ್ತು, ಮಲಗುವ ಹೊತ್ತು. ಆ ಊರಿಗೆ ಪಡಿನಗರ ಎಂದು ಹೆಸರು. ನಗರಸಭೆ ಒಂದು ನಲ್ಲಿಯ ಹೊತ್ತು ಬದಲಿಸಬೇಕಾದರೂ ಮೊದಲು ಅಲ್ಲಿ ಬದಲಿಸಿ ನೋಡುತ್ತದೆ. ಅಲ್ಲಿನ ಒಂದು ತಿಂಗಳು ನಮ್ಮ ಮೂರು ನಿಮಿಷ. ಅಲ್ಲಿ ನೂರಕ್ಕಿಂತ ಹೆಚ್ಚು ಜನರ ಜೀವಕ್ಕೆ ತ್ರಾಸಾದರೆ ಆ ತೀರ್ಮಾನ ಬಿದ್ದುಹೋಗುತ್ತದೆ. ಅಷ್ಟು ಆಗದಿದ್ದರೆ ಇಲ್ಲಿ ಜಾರಿ.

ಸುಳ್ಳು ಯಾಕೆ ಹೇಳಲಿ, ಇದರಿಂದ ಒಳ್ಳೆಯದೇ ಆಗಿತ್ತು. ಮೊದಲೆಲ್ಲ ನೀರು, ರಸ್ತೆ, ಬಸ್ಸು ಎಲ್ಲ ವಶೀಲಿಯ ಮೇಲೆ ನಡೆಯುತ್ತಿತ್ತು. ಯಾರ ಮಾವ ದೊಡ್ಡವನೋ ಅವರ ಓಣಿಗೆ ನೀರು. ಪಡಿನಗರಕ್ಕೆ ಮಾವನೂ ಇಲ್ಲ, ಭಾವನೂ ಇಲ್ಲ. ಅದಕ್ಕೇ ನಾನು ಎದೆ ಸೆಟೆಸಿ ಆ ಕೆಲಸ ಮಾಡುತ್ತಿದ್ದೆ. ಈ ಇಪ್ಪತ್ತೆರಡು ಮನೆ ಮುಗಿದರೆ ವರ್ಷದ ಉಳಿದ ದಿನ ನಗರಸಭೆಯ ಬೇರೆ ಲೆಕ್ಕಗಳಿಗೆ ತಿರುಗುತ್ತಿದ್ದೆ.

ಒಂದು ಗುರುವಾರ ಮಧ್ಯಾಹ್ನ ಪಡಿನಗರದ ನಿಯಂತ್ರಣ ಕೋಣೆಗೆ ಬರಲು ನನಗೆ ಕರೆ ಬಂತು. ಹಳೇ ಹತ್ತಿ ಮಾರುಕಟ್ಟೆಯ ಮಹಡಿಯ ಮೇಲೆ ಆ ಕೋಣೆ. ಡಾಕ್ಟರ್ ಮೆಹಜಬೀನ್ ಸವಣೂರ ಅದರ ಮುಖ್ಯಸ್ಥೆ. ಡಾಕ್ಟರ್ ಎಂದರೆ ಸೂಜಿ ಚುಚ್ಚುವವರಲ್ಲ, ಸಮಾಜಶಾಸ್ತ್ರ ಮತ್ತು ಸಂಖ್ಯೆಗಳ ಡಾಕ್ಟರ್. ಪ್ರಶ್ನಾವಳಿ ಬರೆದವರೂ ಅವರೇ. ನಿಷ್ಠುರದವರು, ಆದರೆ ಚಾ ಮಾತ್ರ ತಾವೇ ಮಾಡಿ ಕೊಡುತ್ತಾರೆ.

"ಬರ್ರಿ ದಾಕ್ಷಾಯಣಿ ಅವ್ರ, ನಿಮ್ಮ ವಾರ್ಡಿನ ಫಲಿತಾಂಶ ನೋಡ್ರಿ. ಎಷ್ಟು ಛಂದ ಬಂದದ."

ವಿಷಯ ಇಷ್ಟು. ಊರಾಚೆಯ ನೂಲಿನ ಗಿರಣಿ ಮತ್ತೆ ಶುರುವಾಗುತ್ತಿತ್ತು, ಅದಕ್ಕೆ ಹಗಲು ಕರೆಂಟು ಬೇಕು. ಯಾವುದೋ ಒಂದು ವಾರ್ಡು ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ತನ್ನ ಪಾಲು ಬಿಟ್ಟುಕೊಡಬೇಕು. ಯಂತ್ರ ಎಲ್ಲ ವಾರ್ಡುಗಳನ್ನೂ ಒಂದೊಂದಾಗಿ ಕತ್ತಲು ಮಾಡಿ ನೋಡಿ ನಮ್ಮದನ್ನು ಆರಿಸಿತ್ತು. ಪರದೆಯ ಮೇಲೆ ಮಗ್ಗದ ಓಣಿ. ಜನರೆಲ್ಲ ಸಣ್ಣ ಹಳದಿ ಚುಕ್ಕೆಗಳು. ಎಂಟು ಗಂಟೆಗೆ ಚುಕ್ಕೆಗಳು ಮನೆ ಬಿಟ್ಟು ಕಾರ್ಖಾನೆಯ ಶೆಡ್ಡುಗಳ ಕಡೆಗೆ, ಶಾಲೆಯ ಕಡೆಗೆ, ಮಾರುಕಟ್ಟೆಯ ಕಡೆಗೆ ಹರಿದವು. ಹತ್ತಾಗುವ ಹೊತ್ತಿಗೆ ಮನೆಗಳಲ್ಲಿ ಉಳಿದದ್ದು ಅಡುಗೆ ಮುಗಿಸಿ ಕೂತ ಗಟ್ಟಿಮುಟ್ಟು ಚುಕ್ಕೆಗಳು ಮಾತ್ರ. ಹಾಸಿಗೆ ಹಿಡಿದವರು ಒಬ್ಬರೂ ಇಲ್ಲ.

ನಾನು ನಮ್ಮ ಗಲ್ಲಿಯಲ್ಲಿ ನನ್ನ ಮನೆ ಹುಡುಕಿದೆ. ಬಾಗಿಲು ಮುಚ್ಚಿತ್ತು, ಒಳಗೆ ಒಂದೂ ಚುಕ್ಕೆ ಇರಲಿಲ್ಲ.

ನನ್ನ ಗಂಡ ಫಕೀರಪ್ಪ ಮೂವತ್ತು ವರ್ಷ ಪವರ್‌ಲೂಮಿನಲ್ಲಿ ದುಡಿದವರು. ಹತ್ತಿಯ ಧೂಳು ಪುಪ್ಪುಸದಲ್ಲಿ ಕೂತು ನಾಲ್ಕು ವರ್ಷದಿಂದ ಮನೆಯಲ್ಲೇ ಇದ್ದಾರೆ. ಮೂಗಿಗೆ ನಳಿಕೆ, ಪಕ್ಕದಲ್ಲಿ ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಪೆಟ್ಟಿಗೆ. ಕರೆಂಟು ಹೋದರೆ ಇನ್ವರ್ಟರ್ ಎರಡು ತಾಸು ತಡೆಯುತ್ತದೆ, ಅದೂ ಹೊಸದಾಗಿದ್ದಾಗಿನ ಮಾತು. ದಿನಾ ಆರು ತಾಸು ಕರೆಂಟು ಇಲ್ಲವೆಂದರೆ ನನ್ನ ಗಂಡ ಉಳಿಯುವುದಿಲ್ಲ.

"ಮೇಡಂ, ನಮ್ಮ ಮನಿಯಾಗ ಒಬ್ರು ಅದಾರಲ್ರಿ. ನಿಮಗ ಗೊತ್ತೈತಿ."

ಅವರ ಮುಖ ಸಣ್ಣದಾಯಿತು. "ಗೊತ್ತದರಿ. ಅದಕ್ಕ ನಿಮ್ಮನ್ನ ಮೊದ್ಲ ಕರದೆ. ಆದ್ರ ಒಬ್ರ ಸುದ್ದಿ ಹಿಡಕೊಂಡು ಯಂತ್ರ ನಿಲ್ಲಸಿದ್ರ ನಾಳೆ ಇನ್ಯಾರದೋ ಭಾವ ಬಂದು ಇದ ಬಾಗಲದಾಗ ನಿಂದರತಾನ. ಮತ್ತ ವಶೀಲಿ ಶುರು ಆಗ್ತದ. ಈ ಮಾತು ಎಲ್ಲಾರಿಗೂ ಹೇಳಿದಾಕಿ ನೀವ ಅಲ್ರಿ?"

ನಾನೇ. ಬಾಗಿಲು ಬಾಗಿಲಲ್ಲಿ ಭಾಷಣ ಬಿಗಿದವಳು ನಾನೇ.

"ಒಬ್ರಲ್ರಿ ಮೇಡಂ. ಸಾವಂತ್ರೆವ್ವನ ಅತ್ತಿ ಹಾಸಿಗಿ ಹಿಡದು ಮೂರು ವರ್ಷ ಆತು. ಮೂಲಿಮನಿ ದುರಗಪ್ಪನ ತಮ್ಮಗ ನಮ್ಮವರಂಗನ ಪೆಟಿಗಿ ಐತಿ. ಹಿಂಗ ನಾ ಕಂಡಂಗ ಹತ್ತು ಹನ್ನೊಂದು ಮನಿ ಅದಾವು."

ಅವರು ನನ್ನನ್ನೇ ದಿಟ್ಟಿಸಿದರು. "ಮತ್ತ ನಿಮ್ಮ ಫಾರ್ಮಿನ್ಯಾಗ ಎಲ್ಲಿ ಅದಾರ್ರಿ ಅವ್ರು?"

ಮಾಡಿದ್ದುಣ್ಣೋ ಮಹರಾಯ. ಚಾ ಲೋಟ ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ. ಹದಿನಾಲ್ಕು ಪ್ರಶ್ನೆ, ಎಂಟು ಮನೆ, ಬಾಗಿಲಿನ ಪಿಸುಮಾತು, ಎಲ್ಲ. ಮೂರು ವರ್ಷದ ಹಿಂದೆ ಮಾತು ಮುದ್ರಿಸಿಕೊಳ್ಳುವ ಟ್ಯಾಬ್ಲೆಟ್ ಬಂದಮೇಲೆ ನಾನು ಹೇಳಿಕೊಡುವುದನ್ನು ಬಿಟ್ಟೆ, ಆದರೆ ಅಷ್ಟರಲ್ಲಿ ಹೇಳಿಕೊಡುವ ಅಗತ್ಯವೇ ಉಳಿದಿರಲಿಲ್ಲ ಎಂದೂ ಹೇಳಿದೆ.

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಳೆಯ ಪಟ್ಟಿ ತೆರೆದರು. ನಮ್ಮ ವಾರ್ಡಿನಲ್ಲಿ ಮೊದಲ ವರ್ಷ ಇಪ್ಪತ್ತೆರಡರಲ್ಲಿ ಐದು ಹೌದು, ಎರಡನೇ ವರ್ಷ ಎರಡು, ಮೂರನೇ ವರ್ಷದಿಂದ ಸೊನ್ನೆ. ಊರಿಗೆ ಊರೇ ಆರೋಗ್ಯವಾಗುತ್ತಿದೆ ಎಂದು ನಾವೆಲ್ಲ ಹಿಗ್ಗಿದ್ದೆವು. ಅದಕ್ಕೆಂದೇ ಒಂದು ತಾಮ್ರದ ಫಲಕವೂ ಬಂದು ಆ ಗೋಡೆಯ ಮೇಲೆ ತೂಗುತ್ತಿತ್ತು. ಮೇಡಂ ಅದರ ಕಡೆ ನೋಡಿ ಕಣ್ಣು ಮುಚ್ಚಿಕೊಂಡರು.

"ಹದಿನಾಲ್ಕು ಪ್ರಶ್ನೆ ಇಟ್ಟಾಕಿ ನಾನ," ಅಂದರು. "ಏಳು ಸಾಕವ್ವಾ ಅಂತ ನಮ್ಮ ಗುರುಗಳು ಬಡಕೊಂಡ್ರು. ಕೇಳಲಿಲ್ಲ. ಹೆಚ್ಚು ಕೇಳಿದ್ರ ಹೆಚ್ಚು ತಿಳೀತದ ಅಂತ ತಿಳಕೊಂಡಿದ್ದೆ."

"ಈಗೇನ್ ಮಾಡೂದ್ರಿ? ನನ್ನ ಫಾರ್ಮೆಲ್ಲ ಹರದು ಒಗದಬಿಡ್ರಿ."

"ಒಗದ್ರ ನಿಮ್ಮ ಓಣಿ ಬದಲಿ ಬಾಜೂ ವಾರ್ಡಿನ ಉತ್ತರ ತುಂಬತದ ಯಂತ್ರ. ಅಲ್ಲಿನೂ ಇಲ್ಲ ಅಂತನ ಅದ." ಅವರು ಲೆಕ್ಕ ಹಾಕಿದರು. "ಭಾನುವಾರ ಸಂಜಿ ಆರಕ್ಕ ಕಡೀ ಸಲ ಓಡಸ್ತೀನಿ. ಸೋಮವಾರ ಹತ್ತಕ್ಕ ಜಾರಿ. ಅಷ್ಟರಾಗ ಇಪ್ಪತ್ತೆರಡೂ ಮನಿ ಮತ್ತ ಕೇಳ್ರಿ. ಒಂದ ಒಂದು ಹೌದು, ಕರೆಂಟಿನ ಮ್ಯಾಲೆ ನಡಿಯೂ ಸಾಮಾನಿನ ಜೋಡಿ. ಒಂದ ಮನಿ ಅಂದ್ರ ಮುನ್ನೂರ ಹತ್ತು. ಅಷ್ಟಕ್ಕ ತೀರ್ಮಾನ ಬೀಳ್ತದ. ಆದ್ರ ಖರೇ ಹೌದು ಬೇಕು. ಕರೆಂಟ್ ಸುದ್ದಿ ಬಾಯಿ ಬಿಡೂಹಂಗಿಲ್ಲ, ಹೇಳಿಕೊಡೂಹಂಗಿಲ್ಲ. ಧ್ವನಿ ತಪಾಸಾದಾಗ ಸಿಕ್ಕಿದ್ರ ಆ ಮನಿ ರದ್ದು."

"ತಿಳೀತ್ರಿ."

"ಮತ್ತೊಂದು. ಇದು ಮುಗದ ಮ್ಯಾಲೆ ನಿಮ್ಮ ಕೆಲಸ ಉಳಸೂದು ನನ್ನ ಕೈಯಾಗಿಲ್ಲ."

"ಅದು ಹೋದ್ರ ಹೋಗ್ಲಿರಿ," ಅಂದೆ. ಆ ಹೊತ್ತಿಗೆ ನನಗೆ ಕೆಲಸದ ಚಿಂತೆ ಎಳ್ಳಷ್ಟೂ ಇರಲಿಲ್ಲ.

ಮನೆಗೆ ಹೋದರೆ ಇವರು ದಿಂಬಿಗೆ ಒರಗಿ ಕಡಲೆ ಬಿಡಿಸುತ್ತಿದ್ದರು. ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಅದಕ್ಕೆ ನನ್ನ ಸವತಿ ಎಂದು ಹೆಸರಿಟ್ಟಿದ್ದಾರೆ.

"ಬಂದೇನ? ನೋಡು, ನಿನ್ನ ಸವತಿ ಇವತ್ತ ಬಾಳ ಜೋರದಾಳ. ಮುಂಜಾನಿಂದ ಒಂದ ಸವನ ಒದರಾಕತ್ತಾಳ."

"ಒದರ್ಲಿ ಬಿಡ್ರಿ, ಒದರಲಿಲ್ಲಂದ್ರ ಕಷ್ಟ."

"ಮಾರಿ ಯಾಕ ಹಂಗ ಆಗೈತಿ?"

"ಬಿಸಲಿಗೆ ತಿರಗಿ ತಲಿ ಹಿಡಕೊಂಡೈತಿ," ಎಂದು ಅಡುಗೆ ಮನೆಗೆ ಹೋದೆ. ರೊಟ್ಟಿ ಬಡಿಯುತ್ತ ಅತ್ತುಬಿಟ್ಟೆ. ಹಿಟ್ಟು ಬಡಿಯುವ ಸಪ್ಪಳದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಇವರನ್ನು ಬೇರೆ ಓಣಿಗೆ ಕರೆದುಕೊಂಡು ಹೋದರೆ ಎಂಬ ವಿಚಾರವೂ ಬಂತು. ಆಗ ದುರಗಪ್ಪನ ತಮ್ಮ? ಸಾವಂತ್ರೆವ್ವನ ಅತ್ತೆ? ನನ್ನ ಪೆನ್ನಿನಿಂದ ಇಲ್ಲವಾದವರು ಅವರು. ನಾನು ಗಂಡನನ್ನು ಕಟ್ಟಿಕೊಂಡು ಓಡಿಹೋದರೆ ದೇವರು ಮೆಚ್ಚುತ್ತಾನೆಯೇ?

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಶುರು ಮಾಡಿದೆ. ಮೊದಲನೆಯದೇ ಸಾವಂತ್ರೆವ್ವನ ಮನೆ. ಪರದೆಯ ಹಿಂದೆ ಅವಳ ಅತ್ತೆ ನರಳುವುದು ಕಿವಿಗೆ ರಾಚುತ್ತಿತ್ತು. ಇಪ್ಪತ್ತಾರು ಮುಗಿಸಿ, ಟ್ಯಾಬ್ಲೆಟ್ಟಿನಲ್ಲಿದ್ದ ಹಾಗೆಯೇ ಅಕ್ಷರಕ್ಷರ ಬಿಡಿಸಿ, ಆರೈಕೆಯ ಪ್ರಶ್ನೆ ಓದಿದೆ.

"ಇಲ್ರಿ," ಅಂದಳು, ನಾನು ಓದಿ ಮುಗಿಸುವ ಮೊದಲೇ.

ನಿಯಮದ ಪ್ರಕಾರ ಒಮ್ಮೆ ಮತ್ತೆ ಓದಬಹುದು. ಓದಿದೆ. ನಿಧಾನವಾಗಿ ಓದಿದೆ. ಪರದೆಯ ಕಡೆ ನೋಡುತ್ತ ಓದಿದೆ. ಅಷ್ಟು ಮಾಡಿದ್ದೂ ತಪ್ಪೇ.

"ಇಲ್ಲ ಅಂದ್ನೆಲ್ರಿ ಅಕ್ಕಾರ. ಹದಿನಾಲ್ಕು ಕೇಳ್ತೀರಿ ಅಂತ ನೀವ ಕಲಿಸಿದ್ದಲ್ಲ? ನನಗೂ ಪುರುಸೊತ್ತಿಲ್ಲ, ನಿಮಗೂ ಪುರುಸೊತ್ತಿಲ್ಲ. ಶೆಡ್ಡಿಗೆ ಹೊತ್ತಾತು, ಮುಂದಿಂದು ಕೇಳ್ರಿ." ಒಳಗಿನಿಂದ ಮುದುಕಿ ನೀರು ಕೇಳಿದಳು. "ಬಂದ್ನಿ ತಡೀಬೇ," ಎಂದು ಕೂಗಿ ಸಾವಂತ್ರೆವ್ವ ನನ್ನ ಕಡೆ ತಿರುಗಿ ನಕ್ಕಳು.

ಎರಡನೇ ಮನೆ ಇಲ್ಲ. ಮೂರನೆಯದು ಇಲ್ಲ. ಆಮೇಲೆ ದುರಗಪ್ಪನ ಮನೆ. ಅವನ ತಮ್ಮನ ಪೆಟ್ಟಿಗೆ ಪಡಸಾಲೆಯಲ್ಲೇ ಇತ್ತು, ಅದರ ಮೇಲೆ ನನ್ನ ಚಾ ಲೋಟ ಇಡಿಸಿದರು. ಪ್ರಶ್ನೆ ಓದಿದೆ. ದುರಗಪ್ಪ ತಮ್ಮನ ಮುಖ ನೋಡಿದ, ತಮ್ಮ ನೆಲ ನೋಡಿದ.

"ಆರೈಕಿ ಅಂದ್ರ, ಏನ್ರಿ, ನಾವೇನ್ ದವಾಖಾನಿ ಇಟ್ಟೇವೇನು? ಮನ್ಯಾನ ಮಂದಿ ಮನ್ಯಾಗ ಇರ್ತಾರ. ಇಲ್ಲ ಅಂತ ಬರ್ಕೊಳ್ರಿ," ಅಂದ.

ಪ್ರಶ್ನೆಯ ಅರ್ಥ ಬಿಡಿಸಿ ಹೇಳುವಂತಿಲ್ಲ. ಎಲ್ಲರಿಗೂ ಒಂದೇ ಮಾತಿನಲ್ಲಿ ಕೇಳಿದರೇನೇ ಉತ್ತರಗಳನ್ನು ಒಂದಕ್ಕೊಂದು ಹೋಲಿಸಬಹುದು, ಅದು ನಮ್ಮ ಶಾಸ್ತ್ರದ ಮೊದಲ ಪಾಠ. ನನ್ನ ನಾಲಿಗೆಯ ತುದಿಗೆ ಎಲ್ಲ ಬಂದಿತ್ತು: ಅಣ್ಣಾ, ಸೋಮವಾರ ಹತ್ತಕ್ಕೆ ಕರೆಂಟು ಹೋಗುತ್ತದೆ, ಹೌದು ಅನ್ನು, ನಿನ್ನ ಕಾಲಿಗೆ ಬೀಳುತ್ತೇನೆ. ಟ್ಯಾಬ್ಲೆಟ್ಟಿನ ಕೆಂಪು ದೀಪ ಉರಿಯುತ್ತಿತ್ತು. ಹೇಳಿದರೆ ಆ ಮನೆ ರದ್ದು, ಹೇಳದಿದ್ದರೆ ಇಲ್ಲ. ಅತ್ತ ದರಿ, ಇತ್ತ ಪುಲಿ. ನಲವತ್ತೆರಡನೇ ಪ್ರಶ್ನೆ ಓದಿದೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೊಂದು ಮನೆ, ಇಪ್ಪತ್ತೊಂದು ಇಲ್ಲ. ಉಳಿದದ್ದು ಒಂದೇ, ನಮ್ಮ ಎಡಗಡೆಯ ಮನೆ. ಅದಕ್ಕೆ ಬೀಗ. ನಿಯಮದಂತೆ ಬೇರೆ ಬೇರೆ ಹೊತ್ತಿಗೆ ಮೂರು ಸಲ ಹೋದೆ. ಮೂರನೇ ಸಲ ಎದುರು ಮನೆಯವಳು, "ಅವ್ರು ಇಚಲಕರಂಜಿಗೆ ಹೋಗಿ ಎಂಟು ದಿನ ಆತಲ್ರಿ, ಕೂಸು ಕುನ್ನಿ ಸಾಮಾನ ಸೈತ ಒಯ್ದಾರ," ಅಂದಳು. ಪಕ್ಕದ ಮನೆಯವರು ಊರು ಬಿಟ್ಟಿದ್ದು ನನಗೇ ಗೊತ್ತಿರಲಿಲ್ಲ, ನಾನು ಊರ ಸುದ್ದಿ ಬರೆಯುವವಳು.

ಹಾಳು ಮೆಟ್ಟಿಲ ಮೇಲೆ ಕೂತು ಮೇಡಂಗೆ ಫೋನು ಮಾಡಿದೆ. "ಬೀಗ ಐತ್ರಿ. ಮುಗೀತು."

"ಬೀಗ ಇದ್ರ ನಿಯಮ ಏನದ?"

"ಬಲಗಡೆ ಮನಿ ಹಿಡೀಬೇಕು," ಅಂದೆ. ಅಂದವಳು ಬಲಕ್ಕೆ ತಿರುಗಿ ನೋಡಿದೆ. ಬಲಗಡೆ ನನ್ನದೇ ಬಾಗಿಲು.

"ಅದು ನಮ್ಮನಿರಿ," ಅಂದೆ. ಮೇಡಂ ತೂಗಿ ತೂಗಿ ಮಾತಾಡಿದರು. "ಇದು ವಶೀಲಿ ಅಲ್ಲ. ನಿಯಮ ತಾನ ನಿಮ್ಮ ಬಾಗಲಕ್ಕ ಬಂದದ. ನೌಕರರು ತಮ್ಮ ಮನಿ ಕೇಳೂಹಂಗಿಲ್ಲ, ಉತ್ತರನೂ ಕೊಡೂಹಂಗಿಲ್ಲ. ನಾಳೆ ಮಧ್ಯಾಹ್ನ ಈರಣ್ಣನ್ನ ಕಳಸ್ತೀನಿ. ನಿಮ್ಮ ಮನಿಯವ್ರಿಗೆ ಏನೂ ಹೇಳಬ್ಯಾಡ್ರಿ. ಮೊದಲನೇ ಪ್ರಶ್ನೆ ನೆನಪದ ಅಲ್ಲ?"

ನೆನಪಿಲ್ಲದೆ ಏನು. "ಈ ಪ್ರಶ್ನೆಗಳಿಗೆ ಏನು ಉತ್ತರ ಕೊಡಬೇಕೆಂದು ಯಾರಾದರೂ ನಿಮಗೆ ಹೇಳಿಕೊಟ್ಟಿದ್ದಾರೆಯೇ?" ನನ್ನ ಗಂಡನಿಗೆ ಸುಳ್ಳು ಬರುವುದಿಲ್ಲ. ಮಗ್ಗದ ಶೆಡ್ಡಿನಲ್ಲಿ ತನ್ನದೇ ತಪ್ಪಿನಿಂದ ದಾರ ಹರಿದರೂ ಹೋಗಿ ಮಾಲೀಕನ ಮುಂದೆ ಒಪ್ಪಿಕೊಂಡು ಬೈಸಿಕೊಂಡು ಬರುತ್ತಿದ್ದ ಮಹಾರಾಯರು ಅವರು. ಹೇಳಿಕೊಟ್ಟರೆ, ಹೇಳಿಕೊಟ್ಟಳು ಎಂದೇ ಹೇಳುತ್ತಾರೆ. ಹೇಳಿಕೊಡದಿದ್ದರೆ? ಯಾರು ಬಂದು ಹೇಗಿದ್ದೀರಿ ಎಂದರೂ "ಆರಾಮ ಅದೀನಿ, ನನಗೇನಾಗೈತಿ ಧಾಡಿ" ಎನ್ನುವ ಗಂಡಸು. ಎರಡೂ ಕಡೆಯಿಂದ ನನಗೆ ಉಳಿಗಾಲವಿರಲಿಲ್ಲ.

ಆ ಸಂಜೆ ಅವರ ಬೆನ್ನಿಗೆ ಎಣ್ಣೆ ತಿಕ್ಕಿದೆ. ಬೆನ್ನಿನ ಎಲುಬುಗಳು ಕೈಗೆ ಹತ್ತುತ್ತಿದ್ದವು. "ನಾಳೆ ನಮ್ಮ ಮನಿ ಸರ್ವೆ ಐತ್ರಿ, ಈರಣ್ಣ ಬರ್ತಾನ," ಎಂದಷ್ಟೇ ಹೇಳಿದೆ.

"ನಮ್ಮನಿದಾ? ಭೇಷ್ ಆತು! ಇಷ್ಟ ದಿನ ಊರ ಮಂದೀನ ಕಾಡಿದಿ, ಈಗ ನಮ್ಮ ಪಾಳಿ," ಎಂದು ನಕ್ಕರು. ನಗೆ ಕೆಮ್ಮಿಗೆ ತಿರುಗಿ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಭಾನುವಾರ ಹನ್ನೆರಡಕ್ಕೆ ಈರಣ್ಣ ಗಾಣಿಗೇರ ಬಂದ. ಮೂರನೇ ವಾರ್ಡಿನ ಸಮೀಕ್ಷಕ, ನಿಯಮದಲ್ಲಿ ಬರೆದಿಟ್ಟ ಹಾಗೆಯೇ ನಡೆಯುವ ಮನುಷ್ಯ. ಅವನಿಗೆ ಕರೆಂಟಿನ ವಿಷಯ ಗೊತ್ತಿರಲಿಲ್ಲ, ಮೇಡಂ ಬೇಕೆಂದೇ ಹೇಳಿರಲಿಲ್ಲ.

"ಅಕ್ಕಾರ, ನೀವು ಹೊರಗ ಇರಬೇಕ್ರಿ. ಉತ್ತರ ಕೊಡೋವ್ರ ಹತ್ರ ಮತ್ತೊಬ್ರು ಇರೂಹಂಗಿಲ್ಲ."

"ಗೊತ್ತೈತಪಾ. ನನಗ ಕಲಸಾಕ ಬರ್ತೀಯೇನು?" ಎಂದು ಅಡುಗೆ ಮನೆಗೆ ಹೋಗಿ ಬಾಗಿಲು ಎಳೆದುಕೊಂಡೆ. ಆ ಗೋಡೆ ಸೂರಿನವರೆಗೆ ಏರಿಲ್ಲ, ಅದು ಈರಣ್ಣನಿಗೆ ಗೊತ್ತಿಲ್ಲ. ಹಿಟ್ಟಿನ ಡಬ್ಬಿಗೆ ಒರಗಿ ನಿಂತೆ. ಪ್ರತಿ ಮಾತೂ ಕೇಳುತ್ತಿತ್ತು.

ಮೊದಲನೇ ಪ್ರಶ್ನೆಗೆ, "ಯಾರೂ ಹೇಳಿಕೊಟ್ಟಿಲ್ಲಪಾ," ಅಂದರು. ವಯಸ್ಸು, ಓದು, ನೀರು, ಕಕ್ಕಸು, ಎಲ್ಲ ಆಯಿತು. ಪ್ರತಿ ಉತ್ತರಕ್ಕೂ ನಡುವೆ ಉಸಿರು ಹಿಡಿಯಲು ನಿಲ್ಲುತ್ತಿದ್ದರು. ಇಪ್ಪತ್ತೈದು. ಇಪ್ಪತ್ತಾರು.

"ಕಳೆದ ಹದಿನೈದು ದಿನಗಳಲ್ಲಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಹಗಲು ಹೊತ್ತಿನಲ್ಲಿ ಆರೈಕೆಯ ಅಗತ್ಯವಿತ್ತೇ?"

"ಆರೈಕಿ ಅಂದ್ರ ಏನಪಾ?"

"ಪ್ರಶ್ನೆ ಮತ್ತ ಓದ್ತೀನ್ರಿ," ಎಂದು ಅದನ್ನೇ ಓದಿದ.

"ನನಗ ಯಾರೇನ್ ಮಾಡಬೇಕಾಗಿಲ್ಲ. ನಾನ ಎದ್ದು ನೀರ ಕುಡೀತೀನಿ. ಗ್ವಾಡಿ ಹಿಡಕೊಂಡು ಬಚ್ಚಲಕ್ಕ ಹೋಗ್ತೀನಿ."

ಮುಗಿಯಿತು ಅಂದುಕೊಂಡೆ. ಸೆರಗು ಬಾಯಿಗೆ ತುರುಕಿಕೊಂಡೆ.

"ಹೌದು ಅಂತ ಬರ್ಕೊಳ್ಲ್ಯೋ, ಇಲ್ಲ ಅಂತ ಬರ್ಕೊಳ್ಲ್ಯೋ? ನೀವ ಹೇಳಬೇಕ್ರಿ."

ಇವರ ಧ್ವನಿ ತಗ್ಗಿತು. "ಆಕಿ ಎಲ್ಲಿ ಅದಾಳ?"

"ಒಳಗ ಅದಾರ್ರಿ. ಬಾಗಲಾ ಹಾಕೇತಿ."

"ನಾ ಹೇಳಿದ್ದು ಆಕಿಗೆ ಗೊತ್ತಾಗ್ತೈತೇನು?"

"ಇಲ್ರಿ. ನೀವು ಹೇಳಿದ್ದು ಯಾರಿಗೂ ತೋರ್ಸಂಗಿಲ್ಲ. ಹೆಸರೂ ಇರಂಗಿಲ್ಲ. ಬರೇ ಅಂಕಿ ಇರ್ತಾವು."

"ಖರೇನ?"

"ಖರೇರಿ."

"ಹಂಗಾರ," ಉಸಿರು ಎಳೆದುಕೊಂಡರು, "ಹೌದು ಅಂತ ಬರ್ಕೊ."

ನಾನು ನೆಲದ ಮೇಲೆ ಕೂತುಬಿಟ್ಟೆ. ಮುನ್ನೂರ ಹತ್ತು. ಒಂದೇ ಮಾತಿಗೆ ಪಡಿನಗರದ ಮುನ್ನೂರ ಹತ್ತು ಮನೆಗಳಲ್ಲಿ ಹಾಸಿಗೆ ಹಾಸಿದಂತಾಯಿತು. ಖುಷಿಗೆ ಕೂಗಿಬಿಡುತ್ತಿದ್ದೆನೋ ಏನೋ, ಆದರೆ ಈರಣ್ಣ ಓದುವುದನ್ನು ನಿಲ್ಲಿಸಲಿಲ್ಲ. ಹೌದು ಅಂದಮೇಲೆ ಅವನಿಗೆ ಹದಿನಾಲ್ಕು ಬಾಕಿ ಇತ್ತಲ್ಲ. ಹನ್ನೊಂದು ವರ್ಷದಲ್ಲಿ ನಾನು ಆ ಪ್ರಶ್ನೆಗಳನ್ನು ಪೂರ್ತಿ ಕೇಳಿದ್ದು ಬೆರಳಲ್ಲಿ ಎಣಿಸುವಷ್ಟು ಸಲ. ಅವು ಏನೇನು ಕೇಳುತ್ತವೆ ಎನ್ನುವುದೇ ಮರೆತುಹೋಗಿತ್ತು.

ಕರೆಂಟಿನ ಉಪಕರಣ? ಹೌದು. ಎಷ್ಟು ತಾಸು? ಹದಿನಾರು. ಹಗಲು ಎಷ್ಟು ತಾಸು ಒಬ್ಬರೇ ಇರುತ್ತೀರಿ?

"ಎಂಟು. ಒಂದೊಂದ ದಿನಾ ಒಂಬತ್ತು."

"ಆ ಹೊತ್ತಿನಲ್ಲಿ ಭಯವಾಗುತ್ತದೆಯೇ?"

"ಹೌದು. ಬಾಳ ಅಂಜಿಕಿ ಬರ್ತೈತಿ. ಒಮ್ಮೊಮ್ಮೆ ಕರೆಂಟ್ ಹೋಗಿ ಇನ್ವರ್ಟರೂ ಕೈ ಕೊಡ್ತೈತಲ್ಲ, ಕರೆಂಟ್ ಬರೂತನಕ ನಾ ಒಂದ, ಎರಡ ಅಂತ ಎಣಸ್ತೀನಿ. ಒಂದಿನ ನಾಕನೂರು ಎಣಸಿದೆ. ಬಾಗಲತನಕ ಹೊಳ್ಳಾಡಕೋತ ಬಂದು ಹೊಸ್ತಲದ ಮ್ಯಾಲೆ ಬಿದ್ದಿದ್ದೆ. ಆಕಿ ಬರೂದರಾಗ ಎದ್ದು ಕುಂತೆ."

"ಸಿಗುತ್ತಿರುವ ಆರೈಕೆ ಸಾಕಾಗುತ್ತಿದೆಯೇ?"

"ಇಲ್ಲ," ಅಂದರು. ಸ್ವಲ್ಪ ತಡೆದು, "ಅದನ್ನ ಹಂಗ ಬರೀಬ್ಯಾಡಪಾ. ಆಕೀದು ತಪ್ಪಲ್ಲ. ಪಾಪ, ಊರ ತುಂಬ ತಿರಗಿ ಬಂದಿರ್ತಾಳ. ನಾ ನಕ್ಕೋತ ಇರ್ತೀನಿ," ಅಂದರು.

"ಹೌದು ಇಲ್ಲ ಅಷ್ಟ ಬರಿಯಾಕ ಬರ್ತೈತ್ರಿ."

"ಹಂಗಾರ ಇಲ್ಲ."

ಅಡುಗೆ ಮನೆಯ ನೆಲದ ಮೇಲೆ ಕೂತು ನನಗೆ ಒಂದು ಮಾತು ಹೊಳೆಯಿತು. ಉತ್ತರವನ್ನು ಬಾಯಲ್ಲಿಟ್ಟು ಕೇಳುವ ಪ್ರಶ್ನೆ ಪ್ರಶ್ನೆಯೇ ಅಲ್ಲ ಎಂದು ಹೊಸಬರಿಗೆ ತರಬೇತಿ ಕೊಡುವವಳು ನಾನು. ಅಂಥ ನಾನು ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಗಂಡನನ್ನು ಕೇಳುತ್ತಿದ್ದದ್ದು ಏನು? "ಏನೂ ಬ್ಯಾಡಲ್ರಿ?" ದಿನಾ ಅವರು ಬೇಡ ಅಂದರು. ದಿನಾ ನಾನು ಹೊರಟುಹೋದೆ.

ಈರಣ್ಣ ಮುಗಿಸಿ ಕಳಿಸಿದ ಕೂಡಲೇ ನನ್ನ ಫೋನು ನಡುಗಿತು. ಮೇಡಂ ಸಂಜೆಯವರೆಗೆ ಕಾದಿರಲಿಲ್ಲ. "ಓಡಿಸಿ ನೋಡಿದೆ. ತೀರ್ಮಾನ ಬಿತ್ತು. ನಿಮ್ಮ ಓಣಿ ಕರೆಂಟ್ ತೆಗಿಯೂ ಪಟ್ಟಿಯಿಂದ ಹೋತು," ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು, ನಾಳೆ ಟ್ಯಾಬ್ಲೆಟ್ ತಂದೊಪ್ಪಿಸಬೇಕೆಂದು. ನಾನು ಮುಖ ತೊಳೆದುಕೊಂಡು ಬಾಗಿಲು ತೆರೆದೆ. ಈರಣ್ಣ ಚಪ್ಪಲಿ ಮೆಟ್ಟಿ ಹೊರಟಿದ್ದ. ಇವರು ಎಂದಿನಂತೆ ದಿಂಬಿಗೆ ಒರಗಿ ನಗುತ್ತಿದ್ದರು. ಅಷ್ಟು ಮಾತಾಡಿದ ದಣಿವಿಗೆ ತುಟಿ ಕಪ್ಪಿಟ್ಟಿತ್ತು.

"ಏನ್ ಕೇಳ್ತಾನಪಾ ಅವ! ಗ್ಯಾನನ ತಪ್ಪೂಹಂಗ ಕೇಳ್ತಾನ," ಅಂದರು. ಆಮೇಲೆ ನನ್ನ ಕಣ್ಣು ನೋಡಿ ನಗು ನಿಲ್ಲಿಸಿದರು. "ದಾಕ್ಷಿ, ಒಳಗ ನಿನಗೇನಾರ ಕೇಳಸ್ತೇನು?"

ಇಲ್ಲ ಎನ್ನುವುದು ಎಷ್ಟು ಸಲೀಸು ನೋಡಿ. ಇಲ್ಲ ಎಂದರೆ ಅವರ ಮಾನ ಉಳಿಯುತ್ತಿತ್ತು, ನನ್ನ ಮುಖವೂ ಉಳಿಯುತ್ತಿತ್ತು, ಇಬ್ಬರೂ ಚಾ ಕುಡಿದು ಸುಮ್ಮನಾಗಬಹುದಿತ್ತು.

"ಹೌದ್ರಿ," ಅಂದೆ. "ಎಲ್ಲಾ ಕೇಳಸ್ತು."

ಅವರು ಮುಖ ಆಚೆ ತಿರುಗಿಸಿದರು. ನಾನು ಕುರ್ಚಿ ಎಳೆದುಕೊಂಡು ಮಂಚದ ಹತ್ತಿರ ಕೂತೆ. ಕೇಳುವುದು ಬಹಳ ಇತ್ತು.

"ಆ ನಾಕನೂರು ಎಣಸಿದ್ದು ಯಾವತ್ತರಿ?"